ಒಂದು ‘ಟೈಮ್’, ಹಲವು ಹೊತ್ತು

ಕಳೆದ ವರ್ಷದ ಆಂತರಿಕ ಪರೀಕ್ಷೆಯಲ್ಲಿ ‘ನಮ್ಮ ಮನೆ’ ಎಂಬ ವಿಷಯವಾಗಿ ಒಂದು ಪುಟದ ಪ್ರಬಂಧ ಬರೆಯಲು ಕೊಟ್ಟಿದ್ದೆ. ಕೌತಾಳಂ ಕಡೆಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ‘ನಮ್ಮ ಅಮ್ಮ ಶನಿವಾರ ಒಪ್ಪೊತ್ತು ಇರುತ್ತಾಳೆ’ ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ‘ಒಪ್ಪೊತ್ತು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಉಪವಾಸ’ ಎಂದು ತಿದ್ದಿ, ಅಂಚಿನಲ್ಲಿ ‘ತೆಲುಗಿನ ಪ್ರಭಾವ’ ಎಂದು ಷರಾ ಬರೆದು ಅರ್ಧ ಅಂಕ ಕಳೆದೆ. ಉತ್ತರಪತ್ರಿಕೆಗಳನ್ನು ಹಂಚಿದ ದಿನ ತರಗತಿ ಮುಗಿದ ಮೇಲೆ ಆಕೆ ಮೇಜಿನ ಬಳಿ ಬಂದು ನಿಂತಳು. ಅಂಕದ ಮಾತೆತ್ತಲಿಲ್ಲ. ‘ಸಾರ್, ಅಮ್ಮ ಉಪಾಸ ಇರಂಗಿಲ್ಲ. ಒಪ್ಪೊತ್ತು ಇರ್ತಾಳೆ. ಮಧ್ಯಾಹ್ನ ಉಣ್ತಾಳೆ, ರಾತ್ರಿ ಉಣ್ಣಂಗಿಲ್ಲ’ ಎಂದಳು.

ಅವಳು ಹೇಳಿದ್ದು ಸರಿ. ಉಪವಾಸವೆಂದರೆ ಉಣ್ಣದೆ ಇರುವುದು. ಒಪ್ಪೊತ್ತು ಎಂದರೆ ಒಂದು ಹೊತ್ತು ಮಾತ್ರ ಉಣ್ಣುವುದು. ನಾನು ತಿದ್ದಿದ್ದರಿಂದ ಭಾಷೆ ಶುದ್ಧವಾಗಲಿಲ್ಲ, ಅರ್ಥ ಕೆಟ್ಟಿತು. ಮನೆಗೆ ಹೋಗಿ ನಿಘಂಟನ್ನು ತೆಗೆದಾಗ ಇನ್ನೂ ನಾಚಿಕೆಯಾಯಿತು. ‘ಒಪ್ಪೊತ್ತು’ ತೆಲುಗಿನ ಪದವಲ್ಲ, ಕನ್ನಡದ್ದೇ; ಅದೂ ಸಾಕಷ್ಟು ಹಳೆಯದು. ನಮ್ಮಲ್ಲಿ ‘ಒಂದು’ ಎಂಬುದು ಇನ್ನೊಂದು ಪದಕ್ಕೆ ಮುಂದೆ ಸೇರುವಾಗ ಮೊಟಕಾಗಿ, ಮುಂದಿನ ವ್ಯಂಜನ ಇಮ್ಮಡಿಸುತ್ತದೆ: ಒಕ್ಕಣ್ಣ, ಒಗ್ಗಟ್ಟು, ಒಮ್ಮನ. ‘ಹಿಡಿ’ಗೆ ಅದು ಸೇರಿದಾಗ ‘ಒಹ್ಹಿಡಿ’ ಆಗುವುದಿಲ್ಲ, ‘ಒಪ್ಪಿಡಿ’ ಆಗುತ್ತದೆ; ಏಕೆಂದರೆ ಸಮಾಸ ಹುಟ್ಟಿದ ಕಾಲಕ್ಕೆ ಅದು ‘ಪಿಡಿ’ಯಾಗಿತ್ತು. ಪಕಾರ ಹಕಾರವಾದ ಕಥೆಯನ್ನು ನೀವು ಮೊದಲ ವರ್ಷದಲ್ಲೇ ಓದಿದ್ದೀರಿ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಆದರೆ ಒತ್ತಿನೊಳಗೆ ಅಡಗಿ ಕುಳಿತ ಪಕಾರಕ್ಕೆ ಆ ಗಾಳಿ ತಾಗಲಿಲ್ಲ. ‘ಹತ್ತು’ ಎಂದು ಹೇಳುವ ನಾವು ‘ಇಪ್ಪತ್ತು’ ಎನ್ನುತ್ತೇವೆ, ಅಲ್ಲಿ ಹಳೆಯ ‘ಪತ್ತು’ ಇದೆ. ಅದೇ ರೀತಿ ‘ಹೊತ್ತು’ ಎನ್ನುವ ನಾವು ‘ಒಪ್ಪೊತ್ತು’ ಎನ್ನುತ್ತೇವೆ, ಅಲ್ಲಿ ಹಳೆಯ ‘ಪೊತ್ತು’ ಇದೆ. ಈ ಜೋಡಿ ಇಲ್ಲಿಗೇ ನಿಲ್ಲುವುದಿಲ್ಲ. ಮೂರು ಮತ್ತು ಪತ್ತು ಸೇರಿ ‘ಮೂವತ್ತು’ ಆದಂತೆ, ಈ ಮತ್ತು ಪೊತ್ತು ಸೇರಿ ‘ಈವೊತ್ತು’, ಅದರಿಂದ ನಮ್ಮ ‘ಇವತ್ತು’. ಪಕಾರಕ್ಕೆ ವಕಾರ ಬರುವ ಆದೇಶ ಸಂಧಿಗೆ ‘ಬೆಮರ್ವನಿ’ಯ ಉದಾಹರಣೆಯನ್ನೇ ಬಾಯಿಪಾಠ ಮಾಡುವ ನಾವು, ದಿನಕ್ಕೆ ಇಪ್ಪತ್ತು ಸಲ ಆಡುವ ‘ಇವತ್ತು’ ಅದೇ ಸಂಧಿ ಎಂಬುದನ್ನು ಗಮನಿಸುವುದಿಲ್ಲ.

ನಾನು ಎಡವಿದ್ದು ಎಲ್ಲಿ ಎಂದರೆ, ತೆಲುಗಿನಲ್ಲಿಯೂ ‘ಒಕ್ಕಪೊದ್ದು’ ಎಂಬ ಮಾತಿದೆ, ಅರ್ಥವೂ ಹತ್ತಿರದ್ದು. ಪಕಾರ ಕಿವಿಗೆ ಬಿದ್ದೊಡನೆ ತೆಲುಗು ಎಂದುಕೊಂಡೆ. ಬೆಳಗಾವಿಯ ಗಡಿಯ ಕಡೆ ಮರಾಠಿ, ಕನ್ನಡ ಎರಡರಲ್ಲೂ ಶಾಲೆ ಕಲಿತು ಇಲ್ಲಿಗೆ ಬಂದ ನನಗೆ, ಆ ಮೂಲೆಯ ಕನ್ನಡದಲ್ಲಿ ಮರಾಠಿಯನ್ನು ಹುಡುಕುವವರ ಮೇಲೆ ಬರುತ್ತಿದ್ದ ಸಿಟ್ಟು ಈ ಮೂಲೆಗೆ ಬಂದ ಮೇಲೆ ಮರೆತುಹೋಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಸೇರಿದವು. ಅಂದಿನಿಂದ ಇಲ್ಲಿಯ ಕನ್ನಡ ಮಕ್ಕಳು ತಮ್ಮ ಮಾತಿಗೆ ತೆಲುಗಿನ ಸೋಂಕು ಇದೆಯೆಂಬ ಮಾತನ್ನು ಆ ಬದಿಯಿಂದಲೂ ಈ ಬದಿಯಿಂದಲೂ ಕೇಳುತ್ತ ಬಂದಿದ್ದಾರೆ. ಅರ್ಧ ಅಂಕವನ್ನು ಮರಳಿ ಕೊಟ್ಟೆ. ಷರಾವನ್ನು ಅಳಿಸಲು ಮಾತ್ರ ಬರಲಿಲ್ಲ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಅದೇ ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಬೇಕಾದ ಒಂದು ಭಾಗವಿತ್ತು. ಅದರಲ್ಲಿ ಆರೇಳು ಕಡೆ ‘ಟೈಮ್’ ಎಂಬ ಪದ ಬಂದಿತ್ತು. ಮನೆಯಲ್ಲಿ ಹೊತ್ತು, ವೇಳೆ, ಸಲ, ಸಾರಿ, ಗಳಿಗೆ ಎಲ್ಲವನ್ನೂ ಆಡುವ ನೀವು, ಉತ್ತರಪತ್ರಿಕೆಯಲ್ಲಿ ಆರೇಳು ಕಡೆಯೂ ‘ಸಮಯ’ ಎಂದೇ ಬರೆದಿರಿ. ‘ಅವರು ಸಮಯವನ್ನು ಕೊಂದರು’ ಎಂಬ ವಾಕ್ಯ ಮೂರು ಪತ್ರಿಕೆಗಳಲ್ಲಿತ್ತು. ‘ನಾವು ಒಳ್ಳೆಯ ಸಮಯವನ್ನು ಹೊಂದಿದೆವು’ ಎಂಬುದು ಇನ್ನೂ ಹೆಚ್ಚಿನವುಗಳಲ್ಲಿತ್ತು. ಅದಕ್ಕೆ ನಾನು ಯಾವ ಷರಾವನ್ನೂ ಬರೆದಿರಲಿಲ್ಲ, ಅಂಕವನ್ನೂ ಕಳೆದಿರಲಿಲ್ಲ. ಸರಿಯಾದ ಕನ್ನಡಕ್ಕೆ ಕೆಂಪು ಶಾಯಿ, ಕನ್ನಡವೇ ಅಲ್ಲದ್ದಕ್ಕೆ ಪೂರ್ಣಾಂಕ. ಈ ಲೇಖನ ಆ ಲೆಕ್ಕವನ್ನು ಸರಿಪಡಿಸುವ ಯತ್ನ.

ಮೊದಲು ಇಂಗ್ಲಿಷನ್ನೇ ನೋಡೋಣ. 2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ವಿದ್ವಾಂಸರು ಬರಹಗಳ ಬೃಹತ್ ಸಂಗ್ರಹವೊಂದನ್ನು ಎಣಿಸಿ, ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ನಾಮಪದ ‘ಟೈಮ್’ ಎಂದು ಪ್ರಕಟಿಸಿದರು. ಇದನ್ನು ಓದಿ ‘ಆ ಜನ ಸದಾ ಕಾಲದ ಚಿಂತೆಯಲ್ಲಿರುತ್ತಾರೆ’ ಎಂದು ತೀರ್ಮಾನಿಸುವುದು ಸುಲಭ. ನಿಜವಾದ ಕಾರಣ ಅದಕ್ಕಿಂತ ಸರಳವಾಗಿದೆ: ಆ ಒಂದು ಪದದ ಮೇಲೆ ಅವರು ಏಳೆಂಟು ಪದಗಳ ಕೆಲಸವನ್ನು ಹೇರಿದ್ದಾರೆ. ಗಡಿಯಾರ ಎಷ್ಟು ತೋರಿಸುತ್ತದೆ ಎಂದು ಕೇಳುವಾಗ ‘ಟೈಮ್’. ಎಷ್ಟು ಹೊತ್ತು ಹಿಡಿಯಿತು ಎನ್ನುವಾಗ ‘ಟೈಮ್’. ‘ಮೂರು ಸಲ ಕರೆದೆ’ ಎನ್ನುವಾಗ ‘ಥ್ರೀ ಟೈಮ್ಸ್’. ‘ಮೂರು ಪಟ್ಟು ದೊಡ್ಡದು’ ಎನ್ನುವಾಗಲೂ ‘ಥ್ರೀ ಟೈಮ್ಸ್’. ‘ಅಶೋಕನ ಕಾಲದಲ್ಲಿ’ ಎನ್ನುವಾಗ, ‘ಊಟದ ವೇಳೆ’ ಎನ್ನುವಾಗ, ‘ಒಮ್ಮೊಮ್ಮೆ’ ಎನ್ನುವಾಗ, ‘ಸದ್ಯಕ್ಕೆ’ ಎನ್ನುವಾಗ, ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿದ್ದಾನೆ ಎನ್ನುವಾಗ, ಎಲ್ಲ ಕಡೆಯೂ ಅದೇ. ಹೆಚ್ಚು ಬಳಕೆಯಾಗದೆ ಇನ್ನೇನು?

ಆದ್ದರಿಂದ ಅನುವಾದಕನಿಗೆ ಮೊದಲ ಪಾಠ: ‘ಟೈಮ್’ ಕಂಡಾಗ ‘ಇದಕ್ಕೆ ಕನ್ನಡ ಪದ ಯಾವುದು’ ಎಂದು ಕೇಳಿಕೊಳ್ಳಬಾರದು, ‘ಇಲ್ಲಿ ಅದು ಯಾರ ಕೆಲಸ ಮಾಡುತ್ತಿದೆ’ ಎಂದು ಕೇಳಿಕೊಳ್ಳಬೇಕು.

ಎಣಿಕೆಯ ವಿಷಯದಲ್ಲಿ ಕನ್ನಡ ಎಷ್ಟು ಎಚ್ಚರದ್ದು ನೋಡಿ. ಘಟನೆ ಮತ್ತೆ ಮತ್ತೆ ನಡೆದರೆ ಸಲ, ಸಾರಿ, ಬಾರಿ. ಒಂದು ಅಳತೆ ಹಿಗ್ಗಿದರೆ ಪಟ್ಟು ಅಥವಾ ಮಡಿ. ‘ಮೂರು ಸಲ ಬೆಲೆ ಏರಿತು’, ‘ಬೆಲೆ ಮೂರು ಪಟ್ಟು ಏರಿತು’ ಎಂಬ ಎರಡು ವಾಕ್ಯಗಳ ನಡುವಿನ ಅಂತರವನ್ನು ಹತ್ತಿ ಮಾರುಕಟ್ಟೆಗೆ ಗಾಡಿ ಹೊಡೆದವರಿಗೆ ಹೇಳಿಕೊಡಬೇಕಾಗಿಲ್ಲ. ತೆಲುಗೂ ಹೀಗೆಯೇ ಸಾರಿ ಮತ್ತು ರೆಟ್ಟುಗಳನ್ನು ಬೇರೆಯಾಗಿಟ್ಟಿದೆ. ಮರಾಠಿಯಲ್ಲಿ ತೀನ ವೇಳಾ ಬೇರೆ, ತಿಪ್ಪಟ ಬೇರೆ. ನಮ್ಮ ‘ದುಪ್ಪಟ್ಟು’ ಆ ದುಪ್ಪಟದ ನಂಟಿನದೇ. ಇನ್ನು ‘ಮಡಿ’ ಎಂಬುದು ಮಡಚುವುದರಿಂದ ಬಂದದ್ದು. ಇಂಗ್ಲಿಷಿನ ‘ಟೂ-ಫೋಲ್ಡ್’ ಕೂಡ ಬಟ್ಟೆ ಮಡಚುವ ಮಾತೇ. ಇಮ್ಮಡಿ ಪುಲಕೇಶಿಯೆಂದರೆ ಮೊದಲ ಪುಲಕೇಶಿಯ ಎರಡರಷ್ಟಿದ್ದವನು ಎಂದಲ್ಲ, ಅದು ಬೇರೆ ಮಾತು. ಮಗ್ಗಿಯಲ್ಲಂತೂ ನಮಗೆ ‘ಟೈಮ್ಸ್’ ಬೇಕೇ ಆಗಿರಲಿಲ್ಲ. ‘ಎರಡೆರಡಲ ನಾಲ್ಕು’ ಎಂದು ಒಂದು ‘ಲ’ಕಾರದಲ್ಲಿ ಗುಣಾಕಾರವನ್ನೇ ಮುಗಿಸಿಬಿಡುತ್ತಿದ್ದೆವು. ಈಗಿನ ಮಕ್ಕಳು ‘ಟೂ ಟೂಜಾ ಫೋರ್’ ಎನ್ನುತ್ತಾರೆ. ಆ ‘ಜಾ’ ಏನೆಂದು ಕೇಳಿದರೆ ಹೇಳಬಲ್ಲ ಮಗುವನ್ನು ನಾನಿನ್ನೂ ಕಂಡಿಲ್ಲ.

ಈಗ ಹೊತ್ತಿಗೆ ಬರೋಣ. ಈ ಪದಕ್ಕೆ ಹಳಗನ್ನಡದಲ್ಲಿ ‘ಪೊೞ್ತು’, ‘ಪೊತ್ತು’ ಎಂಬ ರೂಪಗಳು. ತಮಿಳಿನಲ್ಲಿ ‘ಪೊೞುದು’, ತೆಲುಗಿನಲ್ಲಿ ‘ಪ್ರೊದ್ದು’, ‘ಪೊದ್ದು’. ಇವೆಲ್ಲ ಒಂದೇ ತಾಯಿಯ ಮಕ್ಕಳು. ಕನ್ನಡದ ‘ಈ ಪೊತ್ತು’ ಇವತ್ತಾದಂತೆ ತಮಿಳಿನಲ್ಲಿ ‘ಇಪ್ಪೊೞುದು’ ಈಗ ಎಂಬ ಅರ್ಥ ಪಡೆಯಿತು. ನಿಮ್ಮ ಬಾಯಲ್ಲಿರುವ ತೆಲುಗಿನ ಇಪ್ಪುಡು, ಅಪ್ಪುಡು, ಎಪ್ಪುಡುಗಳೂ ಆ ಬಳಗದವೇ. ಈ ಪದದ ಅರ್ಥ ಬರಿಯ ಕಾಲವಲ್ಲ, ಸೂರ್ಯ ಕೂಡ. ‘ಹೊತ್ತು ಮೂಡಿತು’, ‘ಹೊತ್ತು ಏರಿತು’, ‘ಹೊತ್ತು ಇಳಿಯಿತು’, ‘ಹೊತ್ತು ಮುಳುಗಿತು’ ಎನ್ನುವಾಗ ಮೂಡಿ ಮುಳುಗುವವನು ನೇಸರು. ನಮ್ಮ ಹೊಲಗಳ ಸೂರ್ಯಕಾಂತಿಯನ್ನು ತೆಲುಗಿನವರು ‘ಪೊದ್ದುತಿರುಗುಡು ಪುವ್ವು’ ಎನ್ನುತ್ತಾರೆ: ಹೊತ್ತಿನ ಕಡೆಗೆ ತಿರುಗುವ ಹೂವು. ಸೂರ್ಯನಿಂದ ಹಗಲು, ಹಗಲಿನಿಂದ ಹಗಲಿನ ಒಂದು ಭಾಗ, ಆ ಭಾಗದಲ್ಲಿ ಉಣ್ಣುವ ಊಟ, ಕೊನೆಗೆ ಯಾವುದೇ ಅವಧಿ, ಹೀಗೆ ಅರ್ಥ ಹರಡಿದೆ. ‘ಮೂರು ಹೊತ್ತು ಊಟ’ ಎನ್ನುವಾಗ ಹೊತ್ತು ಊಟದ ಲೆಕ್ಕ. ‘ಮೂರು ಹೊತ್ತೂ ಅದೇ ಮಾತು’ ಎನ್ನುವಾಗ ಸದಾಕಾಲ. ‘ಹೊತ್ತುಗೊತ್ತಿಲ್ಲದೆ ಬಂದ’ ಎನ್ನುವಾಗ ಅದು ಔಚಿತ್ಯವೂ ಆಗಿಬಿಡುತ್ತದೆ. (ಓದುವ ‘ಹೊತ್ತಗೆ’ಗೂ ಇದಕ್ಕೂ ಸಂಬಂಧವಿಲ್ಲ, ಅದು ‘ಪುಸ್ತಕ’ದ ತದ್ಭವ. ಮೊನ್ನೆ ಒಬ್ಬರು ಎರಡನ್ನೂ ಸೇರಿಸಿ ಸೊಗಸಾದ ವ್ಯುತ್ಪತ್ತಿಯೊಂದನ್ನು ಬರೆದುಕೊಟ್ಟಿದ್ದರಿಂದ ಹೇಳಬೇಕಾಯಿತು.)

ಗಮನಿಸಬೇಕಾದದ್ದು ಹೊತ್ತಿನ ಜೊತೆಗೆ ಬರುವ ಕ್ರಿಯಾಪದಗಳನ್ನು. ಹೊತ್ತು ತಾನಾಗಿ ಮೂಡುತ್ತದೆ, ಏರುತ್ತದೆ, ಹೋಗುತ್ತದೆ, ಆಗುತ್ತದೆ. ನಾವು ಹೆಚ್ಚೆಂದರೆ ಅದನ್ನು ಕಳೆಯುತ್ತೇವೆ. ಇಂಗ್ಲಿಷಿನ ‘ಟೈಮ್’ ಹಾಗಲ್ಲ. ಅದನ್ನು ಖರ್ಚು ಮಾಡಬಹುದು, ಉಳಿಸಬಹುದು, ಪೋಲು ಮಾಡಬಹುದು, ಕೊಳ್ಳಬಹುದು, ಹೂಡಬಹುದು, ಕೊಲ್ಲಲೂಬಹುದು. ಕೊಲ್ಲುವುದೊಂದನ್ನು ಬಿಟ್ಟರೆ ಉಳಿದವೆಲ್ಲ ಹಣದ ಕ್ರಿಯಾಪದಗಳು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ ತರುಣ ವ್ಯಾಪಾರಿಯೊಬ್ಬನಿಗೆ ಬರೆದ ಬುದ್ಧಿವಾದದಲ್ಲಿ ಕಾಲವನ್ನು ಹಣವೆಂದೇ ತಿಳಿಯಬೇಕೆಂದು ಹೇಳಿದ್ದು ಪ್ರಸಿದ್ಧ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಎಂಬ ಇಬ್ಬರು 1980ರಲ್ಲಿ ಬರೆದ ರೂಪಕಗಳ ಕುರಿತ ಗ್ರಂಥದಲ್ಲಿ ಇದನ್ನೇ ಎತ್ತಿಕೊಂಡು, ಇಂಥವು ಕವಿಗಳ ಅಲಂಕಾರಗಳಲ್ಲ, ಸಾಮಾನ್ಯರ ದಿನನಿತ್ಯದ ಯೋಚನೆಯೇ ಇಂಥ ರೂಪಕಗಳ ಮೇಲೆ ನಿಂತಿದೆ ಎಂದು ತೋರಿಸಿದರು. ಅಲಂಕಾರಶಾಸ್ತ್ರದ ಪತ್ರಿಕೆ ಓದುವವರು ಆ ವಾದವನ್ನು ತಿಳಿದಿರುವುದು ಒಳ್ಳೆಯದು.

ಈ ವ್ಯತ್ಯಾಸ ವಿಭಕ್ತಿಯಲ್ಲಿಯೂ ಕಾಣುತ್ತದೆ. ‘ನನಗೆ ಹೊತ್ತಿಲ್ಲ’, ‘ನನಗೆ ಪುರುಸೊತ್ತಿಲ್ಲ’ ಎನ್ನುವಾಗ ಚತುರ್ಥಿ. ಹಸಿವೆ, ನಿದ್ದೆ, ಜ್ವರ ಬಂದಂತೆ ಹೊತ್ತು ನನಗೆ ಒದಗಬೇಕು, ಒದಗಲಿಲ್ಲ. ‘ನನ್ನ ಬಳಿ ಸಮಯವಿಲ್ಲ’ ಎಂದೊಡನೆ ಸಮಯ ಜೇಬಿನಲ್ಲಿಡುವ ನಾಣ್ಯವಾಯಿತು. ಎರಡನೆಯದು ತಪ್ಪೆಂದು ನಾನು ಹೇಳಲಾರೆ, ಅದು ಎಲ್ಲೆಡೆ ಹಬ್ಬಿದೆ. ಆದರೆ ಎರಡೂ ಒಂದೇ ಅಲ್ಲ ಎಂದು ತಿಳಿದು ಬರೆಯಬೇಕು. ಅಂದಹಾಗೆ ಈ ‘ಪುರುಸೊತ್ತು’ ಅರಬ್ಬಿಯ ‘ಫುರ್ಸತ್’. ಆದವಾನಿಯ ಉರ್ದು ಮನೆಗಳಲ್ಲಿ ಅದು ಫುರ್ಸತ್ ಆಗಿಯೇ ಉಳಿದಿದೆ, ಮರಾಠಿಯಲ್ಲಿ ‘ಫುರಸತ’. ಕನ್ನಡದ ಬಾಯಿಗೆ ಬಂದಾಗ ಮಾತ್ರ ಅದರ ಬಾಲಕ್ಕೆ ಹೊತ್ತಿನ ‘ಒತ್ತು’ ಅಂಟಿಕೊಂಡು, ಹುಟ್ಟಾ ಕನ್ನಡ ಪದದಂತೆ ಕಾಣತೊಡಗಿದೆ.

‘ವೇಳೆ’ಯ ಕಥೆ ನನಗೆ ಹೆಚ್ಚು ಪ್ರಿಯವಾದದ್ದು. ಅದು ಸಂಸ್ಕೃತದ ‘ವೇಲಾ’. ಅಲ್ಲಿ ಅದಕ್ಕೆ ಎಲ್ಲೆ, ಕಡಲ ದಡ, ಕಡಲ ಉಬ್ಬರ ಎಂಬ ಅರ್ಥಗಳಿವೆ. ಕಾಲವೆಂಬ ಅರ್ಥವೂ ಅವುಗಳ ಜೊತೆಗಿದೆ. ನೀರು ದಡಕ್ಕೆ ಏರಿ ಬರುವುದಕ್ಕೆ ಗೊತ್ತಾದ ಗಳಿಗೆಯಿರುವುದರಿಂದ ಎಲ್ಲೆಯೂ ಉಬ್ಬರವೂ ಕಾಲವೂ ಒಂದೇ ಪದದಲ್ಲಿ ಕೂಡಿದವು. ಇಂಗ್ಲಿಷಿನಲ್ಲಿ ಇದೇ ದಾರಿ ತಿರುವುಮುರುವಾಗಿದೆ. ಅಲ್ಲಿಯ ‘ಟೈಡ್’ ಎಂಬ ಪದಕ್ಕೆ ಮೊದಲ ಅರ್ಥ ಕಾಲ. ಉಬ್ಬರದ ಕಾಲಕ್ಕೆ ಹೇಳುತ್ತ ಹೇಳುತ್ತ ಅದು ಉಬ್ಬರವೇ ಆಯಿತು. ‘ಟೈಮ್ ಆಂಡ್ ಟೈಡ್’ ಯಾರಿಗೂ ಕಾಯುವುದಿಲ್ಲ ಎಂಬ ಗಾದೆಯನ್ನು ‘ಕಾಲ ಮತ್ತು ಕಡಲಿನ ಅಲೆ’ ಎಂದು ಅನುವಾದಿಸುವ ರೂಢಿಯಿದೆ. ಗಾದೆ ಹುಟ್ಟಿದಾಗ ಅದರಲ್ಲಿ ಕಡಲಿರಲಿಲ್ಲ; ‘ಕಾಲಗೀಲ’ ಎಂಬಂತೆ ಒಂದೇ ಅರ್ಥದ ಎರಡು ಪದಗಳ ಜೋಡಿ ಅದು. ಎಲ್ಲೆ ಎಂಬ ಅರ್ಥ ನಮ್ಮ ಶಾಸನಗಳ ‘ವೇಳೆವಾಳಿ’ಯಲ್ಲಿ ಇನ್ನೊಂದು ಬಗೆಯಲ್ಲಿ ಮಿಡಿಯುತ್ತದೆ: ಒಡೆಯ ಸತ್ತರೆ ತಾನೂ ಸಾಯುವೆನೆಂದು ಪಣ ತೊಟ್ಟವನ ನಿಷ್ಠೆ ಅದು. ‘ವೇಳೆಗೆ ಸರಿಯಾಗಿ ಬಂದ’ ಎಂಬ ನಮ್ಮ ಮಾತಿನಲ್ಲಿ ಆ ಕಟ್ಟುಪಾಡಿನ ನೆರಳು ಸ್ವಲ್ಪ ಉಳಿದಿದೆ. ‘ಹೊತ್ತಿಗೆ ಬಂದ’ ಎಂಬುದರಲ್ಲಿ ಅದಿಲ್ಲ.

ಮರಾಠಿಯಲ್ಲಿ ಈ ಪದ ‘ವೇಳ’. ನಾನು ಓದಿದ ಶಾಲೆಯಲ್ಲಿ ಮರಾಠಿ ಪಾಠದ ಗುರುಗಳು ಕನ್ನಡದ ಮಕ್ಕಳನ್ನು ಹಿಡಿಯುತ್ತಿದ್ದದ್ದೇ ಇಲ್ಲಿ. ಏಕೆಂದರೆ ಮರಾಠಿಯಲ್ಲಿ ‘ವೇಳ’ ಎರಡು ಲಿಂಗದ್ದು. ಹರಿದುಹೋಗುವ ಅವಧಿಯಾದರೆ ಪುಲ್ಲಿಂಗ, ಗೊತ್ತಾದ ಗಳಿಗೆಯಾದರೆ ಸ್ತ್ರೀಲಿಂಗ. ‘ಖೂಪ ವೇಳ ಝಾಲಾ’ ಎಂದರೆ ಬಹಳ ಹೊತ್ತಾಯಿತು. ‘ಜೇವಾಯಚೀ ವೇಳ ಝಾಲೀ’ ಎಂದರೆ ಊಟದ ಹೊತ್ತಾಯಿತು. ‘ವೇಳ ಗೇಲಾ’ ಎಂದರೆ ಹೊತ್ತು ಕಳೆಯಿತು. ‘ವೇಳ ಗೇಲೀ’ ಎಂದರೆ ಒದಗಿದ ಗಳಿಗೆ ತಪ್ಪಿಹೋಯಿತು. ಒಂದು ಸ್ವರದಲ್ಲಿ ಅಷ್ಟು ಅಂತರ. ಎಷ್ಟೋ ವರ್ಷ ನಾನು ಇದನ್ನು ವ್ಯಾಕರಣದ ಕಿರುಕುಳವೆಂದೇ ಭಾವಿಸಿದ್ದೆ. ಕನ್ನಡದ ಅಧ್ಯಾಪಕನಾದ ಮೇಲೆ ತಿಳಿಯಿತು, ಅದೇ ಅಂತರವನ್ನು ಕನ್ನಡ ಲಿಂಗದಿಂದಲ್ಲ, ಪಕ್ಕದ ಪದಗಳಿಂದ ಮಾಡುತ್ತದೆ. ‘ಬಹಳ ಹೊತ್ತಾಯಿತು’, ‘ಊಟದ ಹೊತ್ತಾಯಿತು’; ‘ಎಷ್ಟು ಹೊತ್ತು’, ‘ಎಷ್ಟು ಹೊತ್ತಿಗೆ’. ಒಂದು ‘ಗೆ’ ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ‘ಇನ್ ಟೈಮ್’, ‘ಆನ್ ಟೈಮ್’ ಎಂಬ ಉಪಸರ್ಗಗಳ ಜೋಡಿಯೂ ಇಂಥ ಕೆಲಸವನ್ನೇ ಮಾಡುತ್ತದೆ. ಆದವಾನಿ ನಿಲ್ದಾಣಕ್ಕೆ ರೈಲು ವೇಳೆಗೆ ಸರಿಯಾಗಿ ಬಂದರೆ ಅದು ‘ಆನ್ ಟೈಮ್’. ಅದು ಹೊರಡುವ ಮುಂಚೆ ನಾವು ಓಡಿ ಬಂದು ಹತ್ತಿಕೊಂಡರೆ ನಾವು ‘ಇನ್ ಟೈಮ್’. ಎರಡನ್ನೂ ‘ಸಮಯಕ್ಕೆ’ ಎಂದು ಬರೆದರೆ ರೈಲಿಗೂ ಪ್ರಯಾಣಿಕನಿಗೂ ಭೇದವಿಲ್ಲದಾಗುತ್ತದೆ.

ರೈಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮುಂಬಯಿಯಿಂದ ಬಂದ ಹಳಿ ಮತ್ತು ಮದರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆದವಾನಿ ಆ ದಾರಿಯ ಮೇಲಿನ ಊರು. ಆಗ ಮುಂಬಯಿಯ ಗಡಿಯಾರಕ್ಕೂ ಮದರಾಸಿನ ಗಡಿಯಾರಕ್ಕೂ ಅರ್ಧ ಗಂಟೆಯಷ್ಟು ಅಂತರ. ಪ್ರತಿ ಊರಿಗೂ ಅದರದೇ ಮಧ್ಯಾಹ್ನ. ರೈಲುಗಳು ಮದರಾಸಿನ ಗಡಿಯಾರವನ್ನು ಹಿಡಿದು ಓಡಿದವು. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಕಾಲಮಾನವೆಂದು ಗೊತ್ತುಮಾಡಿದರೂ ಮುಂಬಯಿ, ಕಲ್ಕತ್ತಗಳು ಬಹಳ ವರ್ಷ ತಮ್ಮದನ್ನೇ ಇಟ್ಟುಕೊಂಡವು. ನೆತ್ತಿಯ ಮೇಲಿನ ಹೊತ್ತು ಬೇರೆ, ನಿಲ್ದಾಣದ ಗೋಡೆಯ ಟೈಮು ಬೇರೆ ಎಂಬುದು ಹಾಗೆ ಬರಿಯ ಭಾಷೆಯ ಮಾತಾಗಿ ಉಳಿಯಲಿಲ್ಲ.

‘ಸಮಯ’ವನ್ನು ನಾನು ಹಳಿಯುತ್ತಿದ್ದೇನೆಂದು ತಿಳಿಯಬೇಡಿ. ಅದಕ್ಕೂ ದೊಡ್ಡ ಮನೆತನವಿದೆ. ಕೂಡಿ ಬರುವುದು, ಒಪ್ಪಂದ, ಒಪ್ಪಿತವಾದ ಕಟ್ಟಳೆ ಎಂಬವು ಅದರ ಮೂಲದ ಅರ್ಥಗಳು. ಅದರಿಂದಲೇ ‘ಕವಿಸಮಯ’: ಚಕೋರ ಬೆಳದಿಂಗಳು ಕುಡಿಯುತ್ತದೆ ಎಂದು ಕವಿಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದ. ಅದರಿಂದಲೇ ಮತ, ಧರ್ಮ ಎಂಬ ಅರ್ಥ. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ ಮತಗಳ ಪರೀಕ್ಷೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿ ಹೇಳಿದಂತೆ ಅದು ವೇಳಾಪಟ್ಟಿಯ ವಿಷಯವಾದ ಗ್ರಂಥವಲ್ಲ. ಆದುದರಿಂದ ‘ಸಮಯ’ ಚೆನ್ನಾಗಿ ಹೊಂದುವುದು ಕೂಡಿ ಬಂದ ಗಳಿಗೆಗೆ: ‘ಸಮಯ ನೋಡಿ ಮಾತಾಡಿದ’, ‘ಸಮಯಕ್ಕೆ ಒದಗಿದ’, ‘ಸಮಯಸಾಧಕ’. ‘ಮೂರು ತಾಸು ಸಮಯ’ ಎನ್ನುವಾಗ ಅದು ತನ್ನ ಹೊಲ ಬಿಟ್ಟು ಬೇರೆಯವರ ಹೊಲಕ್ಕೆ ಕೂ಼ಲಿಗೆ ಹೋಗಿದೆ.

‘ಕಾಲ’ದ ವಿಷಯ ನಿಮಗೆ ಗೊತ್ತಿರುವುದೇ. ಋತು, ಯುಗ, ವ್ಯಾಕರಣದ ಭೂತ ಭವಿಷ್ಯತ್ತುಗಳು, ಕೊನೆಗೆ ಯಮ. ಇಂಗ್ಲಿಷಿನ ವ್ಯಾಕರಣದಲ್ಲಿ ಕಾಲಕ್ಕೆ ಹೇಳುವ ‘ಟೆನ್ಸ್’ ಕೂಡ ಲ್ಯಾಟಿನ್ನಿನ ಕಾಲವಾಚಕ ಪದದಿಂದಲೇ ಬಂದದ್ದು. ಆದರೆ ಸತ್ತವರನ್ನು ‘ಕಾಲವಾದರು’ ಎನ್ನುವ ಸೌಜನ್ಯ ಅವರಿಗೆ ಇದ್ದಂತಿಲ್ಲ.

ಇಷ್ಟೆಲ್ಲ ಪದಗಳಿದ್ದೂ ರೈತನಿಗೆ ಬೇಕಾದ ‘ಟೈಮ್’ ಇವುಗಳಲ್ಲಿ ಯಾವುದೂ ಅಲ್ಲ. ಮಳೆ ಬಿದ್ದು, ನೆಲ ನೆನೆದು, ಕೈಗೆ ಅಂಟದಷ್ಟು ಆರಿ, ಬೀಜ ಬಿದ್ದರೆ ಮೊಳೆಯುವ ಆ ಒಂದೆರಡು ದಿನಕ್ಕೆ ನಮ್ಮವರು ‘ಹದ’ ಎನ್ನುತ್ತಾರೆ. ತೆಲುಗಿನಲ್ಲಿ ‘ಪದನು’ ಎಂದರೆ ಆ ತೇವ, ‘ಅದನು’ ಎಂದರೆ ತಕ್ಕ ಗಳಿಗೆ. ‘ಟೈಮ್ಲಿ ರೇನ್’ ಎಂಬುದನ್ನು ‘ಸಮಯೋಚಿತ ಮಳೆ’ ಎಂದು ಬರೆಯುವುದನ್ನು ಕಾಣುತ್ತೇನೆ. ಮಳೆಗೆ ಔಚಿತ್ಯ ಕಲಿಸಲು ಹೋಗದೆ ‘ಹದಕ್ಕೆ ಬಂದ ಮಳೆ’ ಎಂದರೆ ಸಾಕು. ಇದು ತುಂಗಭದ್ರೆಯ ಕಾಲುವೆ ಮುಟ್ಟಿದ ಕಡೆ ಮುಟ್ಟಿ, ಮುಟ್ಟದ ಕಡೆ ಆಕಾಶ ನೋಡುವ ಸೀಮೆ. ಹದ ತಪ್ಪಿದರೆ ಏನಾಗುತ್ತದೆಂದು ನಿಮಗೆ ಪಾಠ ಹೇಳಬೇಕಾಗಿಲ್ಲ.

ಅದರ ಜೊತೆಗೆ ಇನ್ನೊಂದು ಪದವನ್ನು ಹೇಳಬೇಕು. ‘ಸುಗ್ಗಿ’ ಎಂದರೆ ಪಂಪನನ್ನು ಓದಿದವರಿಗೆ ವಸಂತ, ಊರಿನವರಿಗೆ ಒಕ್ಕಣೆಯ ಸಂಭ್ರಮ. ನಾನು ಇಲ್ಲಿಗೆ ಬಂದ ಮೊದಲ ವರ್ಷ, ಹಾಜರಿ ಕರೆಯುವಾಗ ‘ಸುಗ್ಗಿಗೆ ಹೋಗಿದ್ದಾನೆ ಸಾರ್’ ಎಂದು ಗೆಳೆಯರು ಹೇಳಿದಾಗ ಮನೆಯಲ್ಲಿ ಬೆಳೆ ಬಂದಿದೆಯೆಂದು ಸಂತೋಷಪಟ್ಟೆ. ಆಮೇಲೆ ತಿಳಿಯಿತು: ಇಲ್ಲಿ ಸುಗ್ಗಿಗೆ ಹೋಗುವುದೆಂದರೆ ಊರು ಬಿಟ್ಟು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುವುದು. ಬೇರೆಯವರ ಹೊಲದ ಸುಗ್ಗಿ ಅದು. ತಿಂಗಳುಗಟ್ಟಲೆ ಬಾರದವನ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ನಾವು ಬರೆಯುವುದು ‘ಲಾಂಗ್ ಟೈಮ್ ಆಬ್ಸೆಂಟ್’. ಅವನ ಗೆಳೆಯರು ಹೇಳುವುದು ‘ಸುಗ್ಗಿ’. ಒಂದರಲ್ಲಿ ಅವನು ಇಲ್ಲದಿರುವ ಅವಧಿ ಮಾತ್ರ ಇದೆ. ಇನ್ನೊಂದರಲ್ಲಿ ಅವನು ಎಲ್ಲಿದ್ದಾನೆ, ಏಕೆ ಹೋದ, ಎಂದು ಬರುತ್ತಾನೆ ಎಲ್ಲವೂ ಇದೆ.

‘ಟೈಮು’ ಎಂಬ ಪದವನ್ನೇ ಕನ್ನಡದಿಂದ ಓಡಿಸಬೇಕೆಂಬುದು ನನ್ನ ವಾದವಲ್ಲ. ಅದು ಉಕಾರ ಹಚ್ಚಿಕೊಂಡು, ವಿಭಕ್ತಿ ಪ್ರತ್ಯಯಗಳನ್ನು ತೊಟ್ಟುಕೊಂಡು ನಮ್ಮದಾಗಿದೆ. ನಮ್ಮದಾದ ಮೇಲೆ ನಮ್ಮ ಅರ್ಥಗಳನ್ನೂ ಪಡೆದಿದೆ. ‘ಅವನ ಟೈಮು ಚೆನ್ನಾಗಿಲ್ಲ’ ಎನ್ನುವಾಗ ಅದು ಇಂಗ್ಲಿಷಿನ ಟೈಮ್ ಅಲ್ಲ, ಗ್ರಹಗತಿ. ‘ಟೈಂಪಾಸ್’ ಎಂದು ಬಸ್ಸಿನ ಕಿಟಕಿಯ ಬಳಿ ಕೂಗಿದರೆ ಅದು ಹುರಿದ ಕಡಲೆಕಾಯಿ. ಇಂಥ ಬಳಕೆಯಲ್ಲಿ ನನಗೆ ಕನ್ನಡದ ಆರೋಗ್ಯವೇ ಕಾಣುತ್ತದೆ. ಕೇಡು ಇರುವುದು, ಪದಗಳೆಲ್ಲ ಅಚ್ಚ ಕನ್ನಡವೋ ಸಂಸ್ಕೃತವೋ ಆಗಿದ್ದು ವಾಕ್ಯ ಮಾತ್ರ ಇಂಗ್ಲಿಷಾಗಿರುವಲ್ಲಿ. ‘ನಿಮ್ಮ ಸಮಯವನ್ನು ತೆಗೆದುಕೊಳ್ಳಿ’ ಎಂದು ಯಾರಾದರೂ ನಮ್ಮ ಅಜ್ಜಿಗೆ ಹೇಳಿದರೆ ಆಕೆ ಎಲ್ಲಿಂದ ತೆಗೆದುಕೊಳ್ಳಬೇಕೆಂದು ಸುತ್ತ ನೋಡಿಯಾಳು. ‘ಅವಸರವಿಲ್ಲ, ನಿಧಾನವಾಗಿ ಮಾಡಿ’ ಎಂಬುದರಲ್ಲಿ ಕಾಲವಾಚಕ ಪದವೇ ಇಲ್ಲ, ಬೇಕಾಗಿಯೂ ಇಲ್ಲ. ‘ಫ್ರಮ್ ಟೈಮ್ ಟು ಟೈಮ್’ ಆಗಾಗ ಅಥವಾ ಕಾಲಕಾಲಕ್ಕೆ. ‘ಸಮಯದಿಂದ ಸಮಯಕ್ಕೆ’ ಅಲ್ಲ. ‘ಅಟ್ ದ ಸೇಮ್ ಟೈಮ್’ ಎಂಬುದು ಬಹಳ ಸಲ ಕಾಲದ ಮಾತೇ ಅಲ್ಲ, ‘ಆದರೂ’, ‘ಜೊತೆಗೆ’ ಎಂಬ ಅವ್ಯಯ. ಸಮಯವನ್ನು ಕೊಂದ ಆ ಮೂವರು ‘ಹೊತ್ತು ಕಳೆದರು’ ಎಂದು ಬರೆದಿದ್ದರೆ ಸಾಕಿತ್ತು. ಒಳ್ಳೆಯ ಸಮಯವನ್ನು ಹೊಂದಿದವರು ‘ಹೊತ್ತು ಹೋದದ್ದೇ ತಿಳಿಯಲಿಲ್ಲ’ ಎಂದು ಬರೆಯಬಹುದಿತ್ತು. ‘ಇಟ್ ಈಸ್ ಹೈ ಟೈಮ್’ ಎಂಬುದಕ್ಕೆ ತರಗತಿಯಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ. ನಿಮ್ಮ ತಾಯಂದಿರು ದಿನಾ ಸಂಜೆ ಹೇಳುವುದು ಅದನ್ನೇ: ‘ಇಷ್ಟು ಹೊತ್ತಿಗೆ ಮನೆಗೆ ಬರಬೇಕಿತ್ತು.’

ಈ ವರ್ಷದಿಂದ ಆಂತರಿಕ ಪರೀಕ್ಷೆಯ ಅನುವಾದದಲ್ಲಿ ‘ಸಮಯವನ್ನು ಹೊಂದಿ’ದವರಿಗೆ ಅರ್ಧ ಅಂಕ ಕಡಿಮೆಯಾಗುತ್ತದೆ. ಮನೆಮಾತಿನ ಪದ ಬರೆದವರ ಪತ್ರಿಕೆಯಲ್ಲಿ, ನಿಘಂಟು ನೋಡುವ ಮುಂಚೆ ನಾನು ಕೆಂಪು ಪೆನ್ನು ತೆರೆಯುವುದಿಲ್ಲ. ವಿಭಾಗದ ಕಪಾಟಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ನಸುಕಿನಿಂದ ನಡುರಾತ್ರಿಯವರೆಗೆ ದಿನದ ಪಾಲುಗಳಿಗೆ ನಿಮ್ಮ ನಿಮ್ಮ ಊರಲ್ಲಿ ಏನೇನು ಹೇಳುತ್ತಾರೆಂಬುದನ್ನು ಅದರಲ್ಲಿ ಬರೆಯಿರಿ. ಪದದ ಪಕ್ಕದಲ್ಲಿ ಊರಿನ ಹೆಸರು, ಹೇಳಿದವರ ವಯಸ್ಸು ಇರಲಿ. ಅದು ಕನ್ನಡವೋ ತೆಲುಗೋ ಎಂದು ನೀವು ತೀರ್ಮಾನಿಸುವುದು ಬೇಡ, ಕೇಳಿದಂತೆ ಬರೆದರೆ ಸಾಕು. ಮೊದಲ ಪುಟದ ಮೊದಲ ಸಾಲಿನಲ್ಲಿ ‘ಒಪ್ಪೊತ್ತು’ ಇದೆ, ಕೌತಾಳಂ ಕಡೆಯ ಆ ವಿದ್ಯಾರ್ಥಿನಿಯ ಕೈಬರಹದಲ್ಲಿಯೇ.